ಹೂಳದ ಗಡಿಗೆ

ಎರಡನೆಯ ದಿಬ್ಬ ಹತ್ತುತ್ತಿದ್ದಾಗ ಆವುಲಪ್ಪನಿಗೆ ಬೆಲ್ಲದ ಗಡಿಗೆಯ ನೆನಪಾಯಿತು. ಮುಂದೆ ಹೋಗುತ್ತಿದ್ದ ಮುತ್ತರಾಯಪ್ಪನ ಹಿಮ್ಮಡಿಗಳನ್ನೇ ನೋಡುತ್ತ, ಆ ಹಿಮ್ಮಡಿಗಳ ಬಿರುಕು ಮುಚ್ಚಲು ಎಷ್ಟು ಗಾರೆ ಬೇಕಾದೀತು ಎಂದು ಅವನ ಐವತ್ತು ದಾಟಿದ ಮೇಸ್ತ್ರಿ ತಲೆ ಬೇಸರಕ್ಕೆ ಲೆಕ್ಕ ಹಾಕುತ್ತಿತ್ತು. ಗಾರೆ ಅಂದದ್ದೇ ತಡ, ಗಡಿಗೆ ಕಣ್ಣ ಮುಂದೆ ಬಂದು ನಿಂತಿತು. ಗಾರೆಗೆ ಬೆರೆಸಲೆಂದು ಬೆಲ್ಲ ಕದಡಿ ಹುಳಿಯಲು ಬಿಟ್ಟಿದ್ದ ಗಡಿಗೆ ಅದು. ಹಳ್ಳದ ದಡದ ಗುಂಡಿಯಲ್ಲಿ ಹೂತು, ಮೇಲೆ ಮಣ್ಣೆಳೆದು, ಬೂದಿ ಚೆಲ್ಲಿ ಬರಬೇಕಾಗಿತ್ತು. ದಿನವೂ ಸಂಜೆ ಹಾಗೇ ಮಾಡುತ್ತಿದ್ದ. ಬೆಳಗ್ಗೆ ಕೆಲಸಕ್ಕೆಂದು ಅದನ್ನು ಗುಂಡಿಯಿಂದ ತೆಗೆದು ತಂದಿದ್ದನಷ್ಟೆ, ಮುತ್ತರಾಯಪ್ಪ ಕೋವಿ ಹೆಗಲಿಗೇರಿಸಿಕೊಂಡು ಬಂದು, "ಏಳು ಮೇಸ್ತ್ರಿ, ಗಾಳಿ ತಿರುಗೈತೆ. ಇವತ್ತು ಬುಟ್ರೆ ಮತ್ಯಾವಾಗ್ಲೋ," ಎಂದಿದ್ದ. ಆವುಲಪ್ಪ ಕರಣೆಯನ್ನು ತೊಳೆಯಲೂ ಇಲ್ಲ. ಗಡಿಗೆಯನ್ನು ತಾನು ಕಟ್ಟುತ್ತಿದ್ದ ಹೊಸ ಮನೆಯೊಳಗೆ, ಹಿಂದಿನ ಗೋಡೆಗೆ ಒರಗಿಸಿ, ಬಾಯಿಗೆ ಒಂದು ಮುಚ್ಚಳ ಹಾಕಿ, ಮದುವೆಗೆ ಹೊರಟ ಹುಡುಗನ ಹಾಗೆ ಓಡಿಬಂದಿದ್ದ. ಈಗ ಬಿಸಿಲು ನೆತ್ತಿಗೆ ಬಂದಿತ್ತು. ಜವಳಗಿರಿಯ ಆ ಏಳೆಂಟು ಗುಡಿಸಲುಗಳು ಎರಡು ದಿಬ್ಬದ ಆಚೆ ಉಳಿದಿದ್ದವು.

ಹೇಳಿಬಿಡಬೇಕು ಅಂದುಕೊಂಡ. ಹೇಳುವುದಕ್ಕೆ ಎಷ್ಟು ಹೊತ್ತು? "ಲೋ ಮುತ್ತರಾಯಪ್ಪ, ಗಡಿಗೆ ಮನೇಲೇ ಬುಟ್ಬಂದೆ ಕಣಪ್ಪ," ಅಂದರೆ ಮುಗಿಯಿತು. ಮುತ್ತರಾಯಪ್ಪ ತಿರುಗಿ ನೋಡುತ್ತಾನೆ, ಬೈಯುವುದಿಲ್ಲ, ಅವನು ಬೈಯುವ ಪೈಕಿಯಲ್ಲ, ಸುಮ್ಮನೆ ಇಳಿಯಲು ಶುರುಮಾಡುತ್ತಾನೆ. ಬೇಟೆ ಅಲ್ಲಿಗೆ ಮುಗಿಯುತ್ತದೆ. ನಾಳೆಯ ಹೊತ್ತಿಗೆ ಬೆಂಗಳೂರಿನ ದಂಡಿನಿಂದ ಬಿಳಿಯ ಸೋಲ್ಜರುಗಳು ಬಂದು ಫಾರೆಸ್ಟ್ ಬಂಗಲೆಯಲ್ಲಿ ಇಳಿಯುವವರಿದ್ದರು. ಯುದ್ಧ ಶುರುವಾದ ಮೇಲೆ ಅವರಿಗೆ ರಜ ಸಿಕ್ಕಾಗಲೆಲ್ಲ ಕಾಡಿನ ಹುಚ್ಚು. ಅವರ ಮುಂದೆ ನಡೆದು ಜಾಡು ತೋರಿಸುವುದೇ ಮುತ್ತರಾಯಪ್ಪನ ಅನ್ನ. ಅವರು ಬಂದರೆ ಈ ಬೇಸಿಗೆಯೆಲ್ಲ ಅವರದೇ. ಆಮೇಲೆ ಗೋಡೆ ಮುಗಿದಿರುತ್ತದೆ, ಆವುಲಪ್ಪ ಉದ್ದನಪಲ್ಲಿಗೆ ಹೊರಟಿರುತ್ತಾನೆ, ಕೈಯಲ್ಲಿ ಅದೇ ಕರಣೆ, ಅದೇ ಮಟ್ಟಗೋಲು. ಅವನು ಬಾಯಿ ತೆರೆದ. "ಕಾಲು ನೋವಾ?" ಎಂದು ಮುತ್ತರಾಯಪ್ಪ ತಿರುಗದೆಯೇ ಕೇಳಿದ. "ಇಲ್ಲ, ನಡಿ," ಎಂದ.

ಈ ಕಡೆಯವರು ಮನೆಯೊಳಗೆ ಬೆಲ್ಲ ಇಡುವುದಿಲ್ಲ. ರಾಗಿಯನ್ನು ಹಗೇವು ತೋಡಿ ನೆಲದೊಳಗೆ ತುಂಬಿ ಬಾಯಿಗೆ ಚಪ್ಪಡಿ ಮುಚ್ಚುತ್ತಾರೆ. ಹಬ್ಬಕ್ಕೆ ಬೆಲ್ಲ ತಂದರೆ ಹೊತ್ತು ಮುಳುಗುವ ಮುಂಚೆ ತಿಂದು ಮುಗಿಸುತ್ತಾರೆ. ಆನೆಯ ಮೂಗು ಅಂಥದು. ಬಂದ ದಿನವೇ ಮುತ್ತರಾಯಪ್ಪ ಅದನ್ನೆಲ್ಲ ಹೇಳಿದ್ದ. ಅವನು ಬಯಸಿದ್ದೂ ಬರೀ ಮಣ್ಣಿನ ಗೋಡೆ. ಗಾರೆ ಬೇಕೆಂದದ್ದು ಅವನ ತಾಯಿ ಮುನಿಗಂಗಮ್ಮ. ಹುಡುಗಿಯಾಗಿದ್ದಾಗ ಅವಳು ಬಂಗಲೆಯ ಅಂಗಳ ಗುಡಿಸುತ್ತಿದ್ದಳಂತೆ. ಸಾಹೇಬರು ಇಲ್ಲದಾಗ ಆ ನುಣುಪು ಗೋಡೆಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದಳಂತೆ. "ಹಂಗೇ ತಣ್ಣಗಿರ್ಬೇಕು ಕಣಪ್ಪ," ಎಂದಿದ್ದಳು, ಹಲ್ಲಿಲ್ಲದ ಬಾಯಲ್ಲಿ ನಗುತ್ತ. ಹಾಗೆ ತಣ್ಣಗಿರಬೇಕಾದರೆ ಸುಣ್ಣಕ್ಕೆ ಹುಳಿಸಿದ ಬೆಲ್ಲದ ನೀರು ಬೀಳಲೇಬೇಕು. ಇಲ್ಲದೆ ಮಾಡಬಹುದಿತ್ತು, ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆವುಲಪ್ಪನಿಗೆ ಆ ಮುದುಕಿಯ ಕೆನ್ನೆ ಕಣ್ಣಿಗೆ ಕಟ್ಟಿತ್ತು. ಹೊಸೂರಿನ ಸಾಹುಕಾರರ ಮನೆಗಳಿಗೆ ಎಷ್ಟು ಗೋಡೆ ನುಣುಪು ಮಾಡಿದ್ದಾನೋ, ಒಬ್ಬರಾದರೂ ಕೆನ್ನೆ ಹಚ್ಚಿ ನೋಡಿದವರಿಲ್ಲ. ಒಳಗಿನ ಗೋಡೆ ಮುಗಿದ ದಿನವೇ ಮುನಿಗಂಗಮ್ಮ ತನ್ನ ಚಾಪೆ ತಂದು ಹೊಸ ಮನೆಯಲ್ಲಿ ಹಾಸಿಕೊಂಡಳು. ಬಾಗಿಲು ಇನ್ನೂ ಕೂರಿಸಿರಲಿಲ್ಲ.

ಮುದುಕಿ ಅಲ್ಲೇ ಮಲಗುತ್ತಾಳೆ. ಗಡಿಗೆಯ ಪಕ್ಕದಲ್ಲೇ. ಇದು ನೆನಪಾದಾಗ ಅವನ ಕಾಲು ನಿಂತಿತು. ನಿಂತದ್ದನ್ನು ಮುಚ್ಚಿಕೊಳ್ಳಲು ಬಗ್ಗಿ ಮುಳ್ಳು ತೆಗೆಯುವವನ ಹಾಗೆ ಮಾಡಿದ. ಅಲ್ಲಿ ಮುಳ್ಳು ಇರಲಿಲ್ಲ.

ಇಷ್ಟಕ್ಕೂ ಗಾರೆ ಕೆಲಸದವನಿಗೆ ಬೇಟೆ ಯಾಕೆ ಬೇಕಿತ್ತು? ಮುತ್ತರಾಯಪ್ಪನೂ ಕೇಳಿದ್ದ, ಹೊಸೂರಿನ ಸಂತೆಯಲ್ಲಿ ಮಾತು ಕುದುರಿಸುವಾಗ. "ದೊರೆಗಳು ಕಾಸು ಕೊಟ್ಟು ಬತ್ತಾರೆ. ನಿನ್ ಕೈಲಿ ಕಾಸಿಸ್ಕಳಾದು ನಂಗಾಗಾಕಿಲ್ಲ. ನೀನು ನಮ್ಮಮ್ಮಂಗೊಂದು ಮನೆ ಕಟ್ಕೊಡು, ನಾನು ನಿನ್ ಕೈಲೇ ಒಂದು ಹಂದಿ ಹೊಡೆಸ್ತೀನಿ. ಆದ್ರೆ ಯಾಕ್ ಮೇಸ್ತ್ರಿ, ಈ ವಯಸ್ನಲ್ಲಿ?" ಆವುಲಪ್ಪ ನಕ್ಕು ತೇಲಿಸಿದ್ದ. ಹೇಳುವ ಮಾತಾಗಿದ್ದರೆ ಹೇಳುತ್ತಿದ್ದ. ಉದ್ದನಪಲ್ಲಿಯಲ್ಲಿ ಸಂಕ್ರಾಂತಿಯ ಮಾರನೆಯ ದಿನ ಪಾರ್ವೇಟೆ. ಊರ ಗಂಡಸರೆಲ್ಲ ಬಲೆ, ನಾಯಿ, ದೊಣ್ಣೆ ಹಿಡಿದು ಗುಡ್ಡ ಬಳಸುತ್ತಾರೆ. ಸಂಜೆ ಗುಡಿಯ ಮುಂದಿನ ಕಲ್ಲಿನ ಮೇಲೆ ಮಾಂಸವನ್ನು ಮುತ್ತುಗದ ಎಲೆಗಳಲ್ಲಿ ಪಾಲು ಹಾಕಿ, ಹೊಡೆದವನ ಮನೆಯಿಂದ ಹಿಡಿದು ಒಂದೊಂದೇ ಮನೆಯ ಹೆಸರು ಕೂಗುತ್ತಾರೆ. ಆವುಲಪ್ಪ ಯಾವಾಗಲೂ ಎಲ್ಲೋ ಯಾರದೋ ಮನೆ ಕಟ್ಟುತ್ತಿರುತ್ತಾನೆ. ಊರಿನಲ್ಲಿದ್ದ ವರ್ಷವೂ ಬಲೆ ಹಿಡಿಯಲು ಅವನನ್ನು ಕರೆದವರಿಲ್ಲ. ಅವನ ಮನೆಯನ್ನು ಕೂಗುವುದು ಕಟ್ಟಕಡೆಗೆ, ಗಂಡಸರಿಲ್ಲದ ಮನೆಗಳ ಜೊತೆಗೆ. ಅದನ್ನೂ ಅವನು ಹೊಟ್ಟೆಗೆ ಹಾಕಿಕೊಂಡಿದ್ದ. ಆದರೆ ಹೋದ ವರ್ಷ, ಎಲೆ ಈಸಿಕೊಳ್ಳಲು ಹೋದ ಹೆಂಡತಿ ರಾಮಲಕ್ಷ್ಮಮ್ಮನನ್ನು ಯಾರೋ ಕೇಳಿದರು, ನಿಮ್ಮನೆಯೋರು ಯಾವತ್ತೂ ಬೇಟೆಗೆ ಬರೋದೇ ಇಲ್ವಲ್ಲಾ ಅಂತ. ಅವಳು, "ಅಯ್ಯೋ, ನಮ್ಮನೆಯೋರು ಕರಣೆ ಬುಟ್ಟು ಇನ್ನೇನೂ ಹಿಡಿದೋರಲ್ಲ ಬುಡಮ್ಮ," ಎಂದಳು. ಹೆಂಗಸರೆಲ್ಲ ನಕ್ಕರು. ಅವಳೂ ನಕ್ಕಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅದು ಅವನಿಗೂ ಗೊತ್ತು. ಅವನು ಗುಡಿಯ ಹಿಂದೆ ಬೀಡಿ ಸೇದುತ್ತಿದ್ದವನು ಆ ನಗುವನ್ನು ಕೇಳಿದ. ರಾತ್ರಿ ಅವಳು ಬಡಿಸಿದ್ದನ್ನು ಉಂಡು, ಚೆನ್ನಾಗೈತೆ ಅಂತಲೂ ಅಂದ. ಆ ನಗು ಅಷ್ಟೇ, ಅಂಗಾಲಿಗೆ ಚುಚ್ಚಿ ಒಳಗೇ ಮುರಿದ ಮುಳ್ಳಿನ ಹಾಗೆ ಉಳಿಯಿತು. ಇಂಥದನ್ನು ಇನ್ನೊಬ್ಬ ಗಂಡಸಿಗೆ ಹೇಗೆ ಹೇಳುವುದು?

ಹೊತ್ತು ಇಳಿಯುತ್ತಿದ್ದಾಗ ಮುತ್ತರಾಯಪ್ಪ ಬಿದಿರುಮೆಳೆಯ ಪಕ್ಕ ನಿಂತ. ಹಸಿ ಲದ್ದಿ. ಅದರ ಮೇಲೆ ನೊಣ ಆಡುತ್ತಿದ್ದವು. ನೆಲದಲ್ಲಿ ಮೊರದಗಲದ ಹೆಜ್ಜೆಗಳು, ನಡುವೆ ಸಣ್ಣವು. ಅವರು ಬಂದ ದಾರಿಯ ಕಡೆಗೇ ಇಳಿದಿದ್ದವು.

"ಐದಾರು ಅವೆ. ಮರೀನೂ ಐತೆ," ಎಂದ ಮುತ್ತರಾಯಪ್ಪ. "ಊರ್ ಕಡೀಕ್ ಇಳಿದವೆ."

ಮುತ್ತರಾಯಪ್ಪ ಕೆಳಗಿನ ಕಣಿವೆಯನ್ನು ನೋಡಿದ. ಹೆಂಡತಿ ಸತ್ತ ಮೇಲೆ ಅವನಿಗೆ ಇದ್ದದ್ದು ಆ ತಾಯಿ ಒಬ್ಬಳೇ.

"ವಾಪಸ್ ಹೋಗಾನ ಅಂದ್ರೆ ಹೋಗಾನ ಮೇಸ್ತ್ರಿ. ಅಮ್ಮ ಒಬ್ಳೇ ಅವ್ಳೆ. ಆದ್ರೂ ಊರೋರು ತಮಟೆ ಬಡೀತಾರೆ. ಮನೇಲಿ ಆನೆ ಬಯಸೋಂಥಾದ್ದು ಏನೂ ಇಲ್ವಲ್ಲ. ನಿನ್ ಬೇಟೆ ಇದು. ನೀನೇ ಹೇಳು."

ಅವನು ನಿಜವಾಗಿಯೂ ಕಾಯುತ್ತಿದ್ದ. ದೊರೆಗಳು ಬಂದಾಗ ಹೀಗೆಯೇ ಕಾಯುತ್ತಾನೋ ಏನೋ, ಕೋವಿಯ ಹಿಡಿಕೆಯ ಮೇಲೆ ಗದ್ದವಿಟ್ಟು, ಅವರ ಬಾಯಿಂದ ಬಂದದ್ದನ್ನು ಮಾಡಲು. ಇಷ್ಟು ವರ್ಷದಲ್ಲಿ ಆವುಲಪ್ಪನನ್ನು ಯಾರೂ ಹಾಗೆ ಕೇಳಿರಲಿಲ್ಲ. ಸಾಹುಕಾರರು ಇಲ್ಲಿ ಕಿಟಕಿ ಇಡು ಎಂದರೆ ಇಟ್ಟ, ಕಿತ್ತು ಹಾಕು ಎಂದರೆ ಕಿತ್ತ. ನಾಚಿಕೆಯ ಮಾತು, ಆ ಗಳಿಗೆಯಲ್ಲಿಯೂ ಅವನಿಗೆ ಒಳಗೊಳಗೇ ಹಿತವಾಯಿತು. ಗಡಿಗೆ ಹೂತಿಟ್ಟೆಯೋ ಇಲ್ಲವೋ ಎಂದು ಅವನಾದರೂ ಒಂದು ಮಾತು ಕೇಳಬಾರದೇ ಎಂದುಕೊಂಡ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಆಮೇಲೆ ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡ. ಮುತ್ತರಾಯಪ್ಪ ಕೇಳಲಿಲ್ಲ. ಕೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

"ಏನೂ ಇಲ್ವಲ್ಲ ಮತ್ತೆ," ಎಂದ ಆವುಲಪ್ಪ. ದನಿ ತನ್ನದಲ್ಲ ಅನ್ನಿಸಿತು. "ಇಷ್ಟು ದೂರ ಬಂದ್ಬುಟ್ಟಿದ್ದೀವಿ."

"ಹಂಗಾರೆ ನಡಿ," ಎಂದ ಮುತ್ತರಾಯಪ್ಪ.

ಆ ಸಂಜೆ ಹಂದಿ ಬರಲಿಲ್ಲ. ಬಂಡೆಯ ಅಡಿಯಲ್ಲಿ ಮುದುರಿಕೊಂಡು ಕಳೆದ ಇರುಳಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮುತ್ತರಾಯಪ್ಪ ಗೊರಕೆ ಹೊಡೆದ, ಆವುಲಪ್ಪ ಹೊಡೆಯಲಿಲ್ಲ. ಆನೆ ಎಂದರೆ ಎಲ್ಲೆಲ್ಲಿಗೋ ಹೋಗುತ್ತದೆ, ಈ ಊರಿಗೇ ಬರಬೇಕೆಂದಿದೆಯೇ? ಬಂದರೂ ಆ ಮನೆಗೇ ಬರಬೇಕೆಂದಿದೆಯೇ? ಮುಚ್ಚಳ ಭದ್ರವಾಗಿದೆ. ಸುಣ್ಣದ ಘಾಟು ಬೇರೆ ಇದೆ, ಬೆಲ್ಲದ ವಾಸನೆಯನ್ನು ಅದು ನುಂಗುತ್ತದೆ. ಹೀಗೆ ಒಂದರ ಮೇಲೊಂದು ಕಲ್ಲಿಟ್ಟು ಅವನು ಕಟ್ಟುತ್ತ ಹೋದ. ಕಟ್ಟಿದ್ದು ಬಿಗಿಯಾಗಲಿಲ್ಲ. ನಡುವೆ ಒಮ್ಮೆ ಏಳಿಸಿಬಿಡೋಣವೆಂದು ಮುತ್ತರಾಯಪ್ಪನ ಭುಜದ ತನಕ ಕೈ ಚಾಚಿದ. ಈಗ ಹೇಳಿದರೆ, ಮಧ್ಯಾಹ್ನವೇ ಯಾಕೆ ಹೇಳಲಿಲ್ಲ ಎನ್ನುತ್ತಾನೆ. ಕೈ ಹಿಂದಕ್ಕೆಳೆದುಕೊಂಡು ಕಂಬಳಿಯೊಳಗೆ ಇಟ್ಟುಕೊಂಡ.

ಬೆಳಕು ಹರಿಯುವಾಗ ಹಂದಿ ಕೆಸರಿನ ಹೊಂಡಕ್ಕೆ ಬಂತು. ಒಂಟಿ ಗಂಡು, ಬೆನ್ನಿನ ಮೇಲೆ ಕೂದಲು ಪೊರಕೆಯ ಹಾಗೆ ನಿಂತಿತ್ತು. ಮುತ್ತರಾಯಪ್ಪ ಕೋವಿಯನ್ನು ಅವನ ಕೈಗೆ ಕೊಟ್ಟು, ಮೊಣಕೈ ಮುಟ್ಟಿ, ಕಿವಿಯ ಹತ್ತಿರ ಉಸಿರಿನಲ್ಲೇ, "ಮುಂಗಾಲಿನ ಹಿಂದ್ಕೆ," ಎಂದ. ಹಿಂದಿನ ಸಂಜೆಗಳಲ್ಲಿ ಗೋಡೆಯ ಕೆಲಸ ಮುಗಿದ ಮೇಲೆ ಇದನ್ನೇ ಹೇಳಿಕೊಟ್ಟಿದ್ದ. ಇದೊಂದು ಗಳಿಗೆಗಾಗಿ ಆವುಲಪ್ಪ ಒಂದು ವರ್ಷ ಕಾದಿದ್ದ, ಒಂದು ಮನೆ ಕಟ್ಟಿದ್ದ. ಈಗ ಅದು ಬಂದಾಗ ಅವನಿಗೆ ಬೇಗ ಮುಗಿದರೆ ಸಾಕಾಗಿತ್ತು. ಹೊಡೆದರೆ ಮನೆಗೆ ಹೋಗಬಹುದು ಎಂದಷ್ಟೇ ಯೋಚಿಸಿ ಕೋವಿಯ ಕುದುರೆ ಎಳೆದ. ಮದ್ದಿನ ಹೊಗೆ ಕಣ್ಣಿಗೆ ತುಂಬಿತು, ಭುಜ ಕಿತ್ತುಹೋದಂತಾಯಿತು. ಹೊಗೆ ತೆಳುವಾದಾಗ ಹಂದಿ ಕೆಸರಿನಲ್ಲಿ ಕಾಲು ಬಡಿಯುತ್ತಿತ್ತು. ಮುತ್ತರಾಯಪ್ಪ ಮಗುವಿನ ಹಾಗೆ ಕುಣಿದುಬಿಟ್ಟ. "ಹೊಡೆದ್ಬುಟ್ಟೆ ಕಣೋ ಮೇಸ್ತ್ರಿ! ದೊರೆಗಳಿಗೂ ಹಿಂಗ್ ಬಿದ್ದಿಲ್ಲ ಕಣೋ!" ಎಂದು ಹೆಬ್ಬೆರಳನ್ನು ಗಾಯಕ್ಕೆ ಅದ್ದಿ ಅವನ ಹಣೆಗೆ ಇಟ್ಟ. ಹೊಡೆದವನಿಗೆ ಇಡುವ ಬೊಟ್ಟು. ಅದು ಬೆಚ್ಚಗಿತ್ತು. ತಲೆಯೂ ಒಂದು ಹಿಂದಿನ ತೊಡೆಯೂ ಹೊಡೆದವನ ಪಾಲು, ಅದನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದು ಅವನು ಹೇಳುತ್ತಲೇ ಇದ್ದ. ಆವುಲಪ್ಪ, "ಬೇಗ ಹೋಗಾನ," ಎಂದ.

ಹಂದಿಯನ್ನು ಬಿದಿರ ಗಳುವಿಗೆ ಕಟ್ಟಿ ಹೊತ್ತು ಇಳಿದರು. ಹಣೆಯ ರಕ್ತ ಒಣಗಿ ಚರ್ಮ ಬಿಗಿಯುತ್ತಿತ್ತು. ಊರು ಕಾಣುವ ಮುಂಚೆಯೇ ಜನ ಎದುರಿಗೆ ಬಂದರು. ಅವರು ಹಂದಿಯನ್ನು ನೋಡಲಿಲ್ಲ, ಮುತ್ತರಾಯಪ್ಪನ ಮುಖ ನೋಡಿದರು. ಅವನು ಗಳುವನ್ನು ಹೆಗಲಿಂದ ಬಿಟ್ಟು ಓಡಿದ. ಭಾರವೆಲ್ಲ ಒಮ್ಮೆಗೇ ಆವುಲಪ್ಪನ ಮೇಲೆ ಬಂದು ಅವನು ಮಂಡಿಯೂರಿ ಕುಸಿದ.

ಹಿಂದಿನ ಗೋಡೆ ಒಳಕ್ಕೆ ಬಿದ್ದಿತ್ತು. ಹುಲ್ಲಿನ ಸೂರು ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಗಾರೆಯ ದೊಡ್ಡ ಚಕ್ಕೆಗಳು ಹೊಳೆಯುವ ಮುಖ ಮೇಲೆ ಮಾಡಿ ಬಿದ್ದಿದ್ದವು. ಒಂದು ಕಡೆಯೂ ಬಿರುಕಿಲ್ಲ, ಅಷ್ಟು ಚೆನ್ನಾಗಿ ಹಿಡಿದಿತ್ತು. ಅವುಗಳ ನಡುವೆ ಗಡಿಗೆಯ ಕಂಠ, ಅದರ ಸುತ್ತ ಒದ್ದೆ ಮಣ್ಣು. ಮುದುಕಿ ಬದುಕಿದ್ದಾಳೆ, ಬಲಗೈ ಮುರಿದಿದೆ, ಪಕ್ಕದ ಗುಡಿಸಲಿನಲ್ಲಿ ಬಿದಿರ ದಬ್ಬೆ ಕಟ್ಟಿ ಮಲಗಿಸಿದ್ದಾರೆ ಎಂದು ಯಾರೋ ಹೇಳುತ್ತಿದ್ದರು. ಆವುಲಪ್ಪ ಕೇಳಿಸಿಕೊಳ್ಳುತ್ತಲೇ ಗಡಿಗೆಯ ಕಂಠದ ಮೇಲೆ ಕಾಲಿಟ್ಟ. ಮೆಲ್ಲಗೆ ಒತ್ತಿದ. ಅದು ಹಸಿ ಮಣ್ಣಿನೊಳಗೆ ಇಳಿಯಿತು. ಮೇಲೆ ಇನ್ನೊಂದಿಷ್ಟು ಮಣ್ಣು ಕಾಲಿನಿಂದಲೇ ಎಳೆದ. ನಿನ್ನೆ ಮಾಡಬೇಕಾಗಿದ್ದ ಕೆಲಸ.

ಮುತ್ತರಾಯಪ್ಪ ಪಕ್ಕದ ಗುಡಿಸಲಿನಿಂದ ಹೊರಗೆ ಬಂದಾಗ ಅವನ ಕಣ್ಣು ಕೆಂಪಗಿದ್ದವು. ಆವುಲಪ್ಪ ಅವನತ್ತ ತಿರುಗಿದ. ಈಗ ಬೈಯುತ್ತಾನೆ ಎಂದುಕೊಂಡ. ಬೈದರೆ ಎಷ್ಟು ಚೆನ್ನಾಗಿರುತ್ತದೆ.

"ನಂದೇ ತಪ್ಪು ಮೇಸ್ತ್ರಿ," ಎಂದ ಮುತ್ತರಾಯಪ್ಪ. "ಲದ್ದಿ ನೋಡ್ದಾಗ್ಲೇ ನಾನು ತಿರುಗ್ಬೇಕಾಗಿತ್ತು. ನೀನು ಹೊರಗಡೆಯೋನು, ನಿಂಗೇನು ಗೊತ್ತಾಯ್ತದೆ? ನಿನ್ನ ಕೇಳ್ದೆ ನೋಡು, ನಾನೆಂಥಾ ಕತ್ತೆ. ನಿನ್ ಕೆಲ್ಸಾನೂ ಹಾಳಾಗೋಯ್ತು."

"ಮುತ್ತರಾಯಪ್ಪ..."

"ಏನೂ ಹೇಳ್ಬ್ಯಾಡ. ನಿನ್ ಪಾಲು ನಿಂದೇ."

ಮಧ್ಯಾಹ್ನ ಹೊಸೂರಿನ ಕಡೆ ಹೊರಟಿದ್ದ ಸೌದೆ ಗಾಡಿಯಲ್ಲಿ ಹಂದಿಯ ತಲೆಯನ್ನೂ ತೊಡೆಯನ್ನೂ ಎಲೆ ಸುತ್ತಿ ಮುತ್ತರಾಯಪ್ಪನೇ ಇಟ್ಟ. ಉದ್ದನಪಲ್ಲಿಯ ಆವುಲಪ್ಪನ ಮನೆಗೆ, ಅವನೇ ಹೊಡೆದದ್ದು ಅಂತ ಹೇಳಬೇಕು ಎಂದು ಗಾಡಿಯವನಿಗೆ ಎರಡೆರಡು ಸಲ ಹೇಳಿದ. ನೀನೂ ಹೋಗು ಎಂದಾಗ ಆವುಲಪ್ಪ ಹೋಗಲಿಲ್ಲ. ಗೋಡೆ ಎದ್ದ ಮೇಲೆ ಹೋಗುತ್ತೇನೆ ಎಂದ. ಮುತ್ತರಾಯಪ್ಪ ಅವನ ಎರಡೂ ಕೈ ಹಿಡಿದುಕೊಂಡು, "ನಿನ್ನಂಥೋನ ನೋಡ್ನಿಲ್ಲ," ಎಂದ. ಆಮೇಲೆ ಬಂಗಲೆಗೆ ಸೋಲ್ಜರುಗಳು ಬಂದರು, ಅವನು ಅವರ ಮುಂದೆ ಕಾಡಿಗೆ ಹೋದ.

ಆವುಲಪ್ಪ ಮಣ್ಣು ತುಳಿಯುತ್ತ ಉಳಿದ. ಬೆಳಗ್ಗೆ ಗೋಡೆಗೆ ಮಣ್ಣಿನ ಒಂದು ವರಸೆ ಹಾಕಿ, ಅದು ಬಿಗಿಯುವ ತನಕ ಕಾದು, ಮಾರನೆಯ ದಿನ ಇನ್ನೊಂದು. ಈ ಕೆಲಸ ಅವನಿಗೆ ಯಾವತ್ತೂ ಇಷ್ಟು ಭಾರವೆನ್ನಿಸಿರಲಿಲ್ಲ. ಗಾಡಿಯವನು ವಾಪಸು ಬಂದಾಗ ಊರಿನ ಸುದ್ದಿ ತಂದ. ತಲೆಯನ್ನು ಗುಡಿಯ ಮುಂದಿನ ಕಲ್ಲಿನ ಮೇಲಿಟ್ಟು ನೋಡಲು ಊರಿಗೆ ಊರೇ ಬಂದಿತ್ತಂತೆ. ರಾಮಲಕ್ಷ್ಮಮ್ಮ ತೊಡೆಯನ್ನು ಪಾಲು ಹಾಕಿಸಿ, ತಾನೇ ನಿಂತು ಒಂದೊಂದೇ ಮನೆಯ ಹೆಸರು ಕೂಗಿದಳಂತೆ. ಕೂಗುವಾಗ ಅವಳ ಕಣ್ಣಲ್ಲಿ ನೀರಿತ್ತಂತೆ. "ಯಜಮಾನ್ರು ಯಾವಾಗ ಬತ್ತಾರೆ ಅಂತ ಕೇಳ್ದ್ರು," ಎಂದ ಗಾಡಿಯವನು. ಆವುಲಪ್ಪ ಮಣ್ಣಿನೊಳಗೆ ಮೊಣಕಾಲುದ್ದ ಹೂತ ತನ್ನ ಕಾಲುಗಳನ್ನು ನೋಡಿಕೊಂಡ. ಸಂತೋಷ ಪಡಬೇಕಾದ ಜಾಗ ಎಲ್ಲಿದೆ ಎಂದು ಒಳಗೆ ತಡಕಾಡಿದ. ಅಲ್ಲಿ ಬರೀ ಆಯಾಸವಿತ್ತು.

ಗೋಡೆ ಎದೆಮಟ್ಟ ಎದ್ದ ದಿನ ಮುನಿಗಂಗಮ್ಮ ಎದ್ದು ಬಂದಳು. ಬಲಗೈಯನ್ನು ಹಳೆಯ ಸೀರೆಯ ತುಂಡಿನಲ್ಲಿ ಕೊರಳಿಗೆ ಕಟ್ಟಿದ್ದರು. ಎಡಗೈಯಲ್ಲಿ ಮುದ್ದೆಯ ತಟ್ಟೆ ಹಿಡಿದು, ಅದು ಅಲ್ಲಾಡದಂತೆ ಹೆಜ್ಜೆ ಲೆಕ್ಕ ಹಾಕುವವಳ ಹಾಗೆ ಬಂದು ಅವನ ಮುಂದಿಟ್ಟಳು. ಸುತ್ತ ಯಾರೂ ಇರಲಿಲ್ಲ.

"ಈ ಸಾರಿ ಬರೀ ಮಣ್ಣೇನಪ್ಪ? ಬೆಲ್ಲ ಹಾಕಾಕಿಲ್ವಾ?"

"ಬ್ಯಾಡಮ್ಮ," ಎಂದ. ತಲೆ ಎತ್ತಲಿಲ್ಲ.

ಅವಳು ಮಣ್ಣಿನ ಗುಪ್ಪೆಯ ಮೇಲೆ ಕುಳಿತಳು. ಕೊರಳಿನ ಕಟ್ಟನ್ನು ಸರಿಮಾಡಿಕೊಂಡು, "ಗಡಿಗೆ ಒಳಗೇ ಇತ್ತು," ಎಂದಳು.

ಅವನ ಕೈಯ ತುತ್ತು ಕೈಯಲ್ಲೇ ನಿಂತಿತು.

"ನೀನು ಆತ್ರದಾಗೆ ಮರ್ತೋದೆ. ಮರೆಯಾದು ತಪ್ಪಲ್ಲ ಕಣಪ್ಪ, ಯಾರು ಮರೆಯಾಕಿಲ್ಲ? ನಾನು ನೋಡ್ದೆ. ಹೂತ್ಬುಡಾನ ಅಂತ ಎತ್ಕಂಡೆ. ಮುಚ್ಚಳ ಸರೀತು, ವಾಸ್ನೆ ಮೂಗಿಗೆ ಬಂತು. ಈ ಮನೇಲಿ ಬೆಲ್ಲ ಯಾವತ್ತಿದ್ದೀತು ಹೇಳು? ಒಂದು ಚಿಪ್ಪು ಕುಡಿದೆ. ಹುಳಿ ಹುಳಿಯಾಗಿ ಚೆಂದಾಗಿತ್ತು. ಇನ್ನೊಂದು ಚಿಪ್ಪು ಕುಡಿದೆ. ಹಂಗೇ ನಿನ್ ಗೋಡೆಗೆ ಕೆನ್ನೆ ಕೊಟ್ಟು ಮಲೀಕಂಡ್ಬುಟ್ಟೆ. ತಮಟೆ ಬಡಿದಿದ್ದೂ ಕೇಳ್ನಿಲ್ಲ. ಆನೆ ನಾಡಾಗೆ ಹುಟ್ಟಿದೋಳು ನಾನು. ಗೊತ್ತಿದ್ದೂ ಗೊತ್ತಿದ್ದೂ ಬುಟ್ಟೋಳು ನಾನು. ನನ್ ಮಗ ತನ್ದೇ ತಪ್ಪು ಅಂತ ಕೊರಗ್ತಾನೆ, ಕೂಳು ಮುಟ್ಟಾಕಿಲ್ಲ. ನಾನು ಕುಡ್ದು ಬಿದ್ದಿದ್ದೆ ಅಂತ ಹೆಂಗ್ ಹೇಳ್ಲಿ? ನೀನೂ ಹೇಳ್ಬ್ಯಾಡ ಕಣಪ್ಪ. ನಿನ್ ಕಾಲಿಗ್ ಬೀಳ್ತೀನಿ."

ಹೇಳುವ ಮಾತು ಅವನ ಬಾಯಿಯ ತನಕ ಬಂದಿತ್ತು. ಮರೆತದ್ದು ಬೆಳಗ್ಗೆ ಮಾತ್ರ ಅಮ್ಮಾ, ಎರಡನೇ ದಿಬ್ಬದ ಮೇಲೆ ನೆನಪಾಯಿತು, ನಿನ್ನ ಮಗ ಕೇಳಿದಾಗಲೂ ನೆನಪಿತ್ತು. ಅಷ್ಟು ಹೇಳಿದರೆ ಸಾಕು, ಈ ಮುದುಕಿಯ ಎದೆಯ ಭಾರ ಇಳಿಯುತ್ತದೆ, ಅವಳ ಮಗನದೂ ಇಳಿಯುತ್ತದೆ. ಆದರೆ ಗುಡಿಯ ಕಲ್ಲಿನ ಮುಂದೆ ನಿಂತು ಹೆಸರು ಕೂಗುತ್ತಿರುವ ರಾಮಲಕ್ಷ್ಮಮ್ಮ ಕಣ್ಣಿಗೆ ಬಂದಳು. ಮುದುಕಿ ಅವನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು, ಮಗನ ಹಾಗೆಯೇ, ಅವನು ಏನು ಹೇಳಿದರೆ ಅದು ಎಂಬಂತೆ.

"ಇಲ್ಲಮ್ಮ," ಎಂದ ಆವುಲಪ್ಪ. "ಹೇಳಾಕಿಲ್ಲ."

ಮುನಿಗಂಗಮ್ಮ ಕಣ್ಣೊರೆಸಿಕೊಂಡಳು. ಎದ್ದು ಹತ್ತಿರ ಬಂದು ಎಡಗೈಯನ್ನು ಅವನ ತಲೆಯ ಮೇಲಿಟ್ಟಳು.

"ಎಡಗೈಲಿ ಹರಸ್ತಾ ಇದ್ದೀನಿ, ತಪ್ಪು ತಿಳ್ಕಬ್ಯಾಡ," ಎಂದಳು. "ನಿನ್ ಹೊಟ್ಟೆ ತಣ್ಣಗಿರ್ಲಿ."

ಅವನು ಮುದ್ದೆ ಮುಗಿಸಿ, ತಟ್ಟೆ ತೊಳೆದು ಅವಳ ಕೈಗೆ ಕೊಟ್ಟ. ನಾಳೆಯ ವರಸೆಗೆ ಇನ್ನೂ ಮಣ್ಣು ಕಲಸುವುದಿತ್ತು. ಪಂಚೆ ಎತ್ತಿಕಟ್ಟಿ ಗುಂಡಿಗೆ ಇಳಿದ.